ಪಿಕಪ್ ವಾಹನದ ಟೈರ್ ಸವೆತ, ನಡುಕ ಮತ್ತು ಅಲೈನ್‌ಮೆಂಟ್: ದೋಷ ಹುಡುಕುವ ಕ್ರಮ

ಟೈರು ಒಂದೇ ಕಡೆ ಸವೆಯುತ್ತಿದೆ ಅಥವಾ ಸ್ಟೀರಿಂಗ್ ನಡುಗುತ್ತಿದೆ ಎಂದು ಕಂಡೊಡನೆ ಪಿಕಪ್ ಮಾಲೀಕರಲ್ಲಿ ಹೆಚ್ಚಿನವರು ನೇರವಾಗಿ ಅಲೈನ್‌ಮೆಂಟ್ ಅಂಗಡಿಗೆ ಹೋಗುತ್ತಾರೆ. ಸರಿಯಾದ ಕ್ರಮದಲ್ಲಿ ಅದು ಕೊನೆಯ ಕೆಲಸ. ಅಲೈನ್‌ಮೆಂಟ್ ಯಂತ್ರವು ನಿಂತಿರುವ ವಾಹನದ ಚಕ್ರಗಳ ಕೋನವನ್ನು ಅಳೆಯುತ್ತದೆ; ಟೈ ರಾಡ್ ಎಂಡ್ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿ) ಅಥವಾ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಗುಂಡು ಕೀಲು) ಸವೆದು ಸಡಿಲವಾಗಿದ್ದರೆ, ಅಂಗಡಿಯಲ್ಲಿ ಕೂರಿಸಿದ ಕೋನವು ರಸ್ತೆಯ ಮೊದಲ ಗುಂಡಿಯಲ್ಲೇ ಬದಲಾಗುತ್ತದೆ. ಆದ್ದರಿಂದ ಮೊದಲು ಗಾಳಿ, ಅನಂತರ ಟೈರಿನ ಮೈ, ಆಮೇಲೆ ಸಡಿಲ ಭಾಗಗಳು, ಬಳಿಕ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮವಾಗಿರುವಂತೆ ಮಾಡುವುದು), ಕಟ್ಟಕಡೆಗೆ ಅಲೈನ್‌ಮೆಂಟ್ ಎಂಬ ಅನುಕ್ರಮವನ್ನು ಪಾಲಿಸಿದರೆ ಹಣವೂ ಉಳಿಯುತ್ತದೆ, ಟೈರೂ ಉಳಿಯುತ್ತದೆ.

ಗಾಳಿಯ ವಿಷಯದಲ್ಲಿ ಪಿಕಪ್‌ಗೆ ಕಾರಿನ ಲೆಕ್ಕ ಹೊಂದುವುದಿಲ್ಲ. ಬೆಳಗಿನ ಜಾವ ಯಶವಂತಪುರ ಮಾರುಕಟ್ಟೆಗೆ ಈರುಳ್ಳಿ ಮೂಟೆ ತುಂಬಿಕೊಂಡು ಬರುವ ವಾಹನವೇ ಮಧ್ಯಾಹ್ನ ಖಾಲಿಯಾಗಿ ಹಿಂತಿರುಗುತ್ತದೆ. ಹಿಂದಿನ ಟೈರುಗಳ ಮೇಲಿನ ಭಾರ ಈ ಎರಡು ಸ್ಥಿತಿಗಳ ನಡುವೆ ಬಹಳ ಬದಲಾಗುತ್ತದೆ. ಚಾಲಕನ ಬಾಗಿಲಿನ ಬಳಿಯ ಪಟ್ಟಿಯಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳಿಗೆ ಕಂಪನಿ ಸೂಚಿಸಿದ ಒತ್ತಡವಿರುತ್ತದೆ, ಅದನ್ನೇ ಅನುಸರಿಸಬೇಕು. ಟೈರಿನ ಮೈಮೇಲೆ ಅಚ್ಚಾಗಿರುವ ಸಂಖ್ಯೆ ಆ ಟೈರಿನ ಮಿತಿಗೆ ಸಂಬಂಧಿಸಿದ್ದೇ ಹೊರತು ನಿಮ್ಮ ವಾಹನಕ್ಕೆ ಹಾಕಬೇಕಾದ ಗಾಳಿಯಲ್ಲ. ಅಳತೆಯನ್ನು ವಾಹನ ಓಡುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ಓಡಿ ಬಂದ ಟೈರಿನಲ್ಲಿ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಅದನ್ನು ಕಂಡು ಗಾಳಿ ಬಿಡುವುದು ತಪ್ಪು.

ಇನ್ನು ಟೈರಿನ ಮೈಯನ್ನು ಓದುವುದು. ಇದಕ್ಕೆ ಯಾವ ಯಂತ್ರವೂ ಬೇಡ, ಹಗಲಿನ ಬೆಳಕು ಮತ್ತು ಅಂಗೈ ಸಾಕು. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆಯಿದೆ ಅಥವಾ ಮಿತಿ ಮೀರಿ ಭಾರ ಹೇರಲಾಗುತ್ತಿದೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಒಳ ಅಂಚು ಅಥವಾ ಹೊರ ಅಂಚು ಮಾತ್ರ ನುಣುಪಾಗಿ ಹೋಗಿದ್ದರೆ ಚಕ್ರದ ಓರೆಯನ್ನು, ಅಂದರೆ ಕ್ಯಾಂಬರನ್ನು, ಅನುಮಾನಿಸಬೇಕು. ಅಂಗೈಯನ್ನು ಟೈರಿನ ಅಡ್ಡಕ್ಕೆ ಸವರಿದಾಗ ಒಂದು ದಿಕ್ಕಿನಲ್ಲಿ ನಯವಾಗಿಯೂ ಎದುರು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಚೂಪಾಗಿಯೂ ತಾಗಿದರೆ ಅದು ಟೋ ದೋಷದ, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ದೋಷದ, ಗುರುತು: ಒಳಗಿನಿಂದ ಹೊರಕ್ಕೆ ಸವರುವಾಗ ಚುಚ್ಚಿದರೆ ಚಕ್ರಗಳ ಮುಂಭಾಗ ಅಗತ್ಯಕ್ಕಿಂತ ಒಳಕ್ಕೆ ತಿರುಗಿವೆ, ಹೊರಗಿನಿಂದ ಒಳಕ್ಕೆ ಸವರುವಾಗ ಚುಚ್ಚಿದರೆ ಹೊರಕ್ಕೆ ತಿರುಗಿವೆ. ಸುತ್ತಳತೆಯ ಉದ್ದಕ್ಕೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿರುವ, ಬೇರಿಂಗ್ ಸಡಿಲಾಗಿರುವ ಅಥವಾ ಬ್ಯಾಲೆನ್ಸ್ ತಪ್ಪಿರುವ ಸಾಧ್ಯತೆ ಹೆಚ್ಚು. ಒಂದೇ ಜಾಗದಲ್ಲಿ ಚಪ್ಪಟೆಯಾಗಿದ್ದರೆ ಬ್ರೇಕ್ ಹಿಡಿದು ಚಕ್ರ ಜಾರಿದೆ.

ಬೆಂಗಳೂರಿನ ಪಿಕಪ್‌ಗಳಲ್ಲಿ ಈ ಗುರುತುಗಳ ಜೊತೆಗೆ ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಲಾಸಿಪಾಳ್ಯದಂತಹ ಇಕ್ಕಟ್ಟಾದ ಜಾಗಗಳಲ್ಲಿ ಭಾರ ತುಂಬಿದ ವಾಹನವನ್ನು ನಿಂತಲ್ಲಿಯೇ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಂದೆ ಮುಂದೆ ಮಾಡುವ ಅಭ್ಯಾಸವಿದ್ದರೆ, ಅಲೈನ್‌ಮೆಂಟ್ ಸರಿಯಿದ್ದರೂ ಮುಂದಿನ ಟೈರುಗಳ ಅಂಚು ಸವೆಯುತ್ತದೆ. ಚಕ್ರ ಸ್ವಲ್ಪವಾದರೂ ಉರುಳುತ್ತಿರುವಾಗ ಮಾತ್ರ ಸ್ಟೀರಿಂಗ್ ತಿರುಗಿಸುವಂತೆ ಚಾಲಕರಿಗೆ ಹೇಳುವುದು, ನನ್ನ ದೃಷ್ಟಿಯಲ್ಲಿ, ಎಷ್ಟೋ ರಿಪೇರಿಗಳಿಗಿಂತ ಹೆಚ್ಚು ಉಪಯುಕ್ತ.

ಸಡಿಲ ಭಾಗಗಳನ್ನು ಪರೀಕ್ಷಿಸಲು ಸಮತಟ್ಟಾದ ಗಟ್ಟಿ ನೆಲದಲ್ಲಿ ಖಾಲಿ ವಾಹನವನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕಿಯನ್ನು ನಂಬಿ ಯಾರೂ ವಾಹನದ ಕೆಳಗೆ ಹೋಗಬಾರದು. ಚಕ್ರದ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡರೆ ಹಬ್ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ (ಗಟ್ಟಿ ಆಕ್ಸಲ್‌ನಲ್ಲಿ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ) ಸವೆದಿರುತ್ತದೆ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆ ಸಡಿಲ ಮಾಯವಾದರೆ ದೋಷ ಬೇರಿಂಗಿನಲ್ಲಿದೆ, ಹಾಗೆಯೇ ಉಳಿದರೆ ಜಾಯಿಂಟ್ ಅಥವಾ ಕಿಂಗ್ ಪಿನ್ನಿನಲ್ಲಿದೆ. ಎಡಬಲ ಬದಿಗಳನ್ನು ಹಿಡಿದು ಅಲುಗಾಡಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ಬಾಕ್ಸ್ ನೋಡಬೇಕು.

ಹಿಂಭಾಗದಲ್ಲಿ ಕಮಾನು ಪಟ್ಟಿಗಳ ಮೇಲೆ ಕುಳಿತ ಗಟ್ಟಿ ಆಕ್ಸಲ್ ಇರುವುದರಿಂದ ಅಲ್ಲಿ ತಿರುಗಿಸಿ ಸರಿಪಡಿಸುವ ಅಲೈನ್‌ಮೆಂಟ್ ಸಾಮಾನ್ಯವಾಗಿ ಇರುವುದಿಲ್ಲ. ಹಾಗಿದ್ದೂ ಹಿಂದಿನ ಟೈರು ಒಂದೇ ಕಡೆ ಸವೆಯುತ್ತಿದ್ದರೆ ಅಥವಾ ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತಿದ್ದರೆ, ಆಕ್ಸಲನ್ನು ಪಟ್ಟಿಗಳಿಗೆ ಬಿಗಿಯುವ ಯು ಬೋಲ್ಟ್ ಸಡಿಲಾಗಿದೆಯೇ, ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಹಿಂದಕ್ಕೆ ಸರಿದಿದೆಯೇ ಎಂದು ನೋಡಬೇಕು. ಸ್ಟೀರಿಂಗನ್ನು ನೇರವಾಗಿಟ್ಟು, ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿನವರೆಗೆ ಎರಡೂ ಬದಿಯಲ್ಲಿ ಟೇಪಿನಿಂದ ಅಳೆದರೆ ಸರಿದಿರುವುದು ಸುಲಭವಾಗಿ ಗೊತ್ತಾಗುತ್ತದೆ. ಎಚ್ಚರಿಕೆಯ ಗುರುತಿಲ್ಲದ ಹಂಪ್‌ಗಳನ್ನು ಪೂರ್ಣ ಭಾರದಲ್ಲಿ ಹಾರಿಸಿದ ವಾಹನಗಳಲ್ಲಿ ಇದನ್ನು ಪರೀಕ್ಷಿಸದೆ ಬಿಡಲೇಬಾರದು.

ನಡುಕದ ಮೂಲವನ್ನು ಹುಡುಕಲು ನಗರದೊಳಗಿನ ವೇಗ ಸಾಲದು. ನೈಸ್ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಸಂಚಾರ ಕಡಿಮೆಯಿರುವ ಹೊತ್ತಿನಲ್ಲಿ, ವೇಗಮಿತಿಯ ಒಳಗೇ, ನಡುಕ ಯಾವ ವೇಗದಲ್ಲಿ ಆರಂಭವಾಗುತ್ತದೆ, ಯಾವ ವೇಗದಲ್ಲಿ ಇಳಿಯುತ್ತದೆ ಎಂಬುದನ್ನು ಗಮನಿಸಬೇಕು. ಪಕ್ಕದಲ್ಲಿ ಕುಳಿತವರು ಬರೆದುಕೊಂಡರೆ ಒಳ್ಳೆಯದು. ಗಂಟೆಗೆ 70ರಿಂದ 80 ಕಿ.ಮೀ. ಆಸುಪಾಸಿನಲ್ಲಿ ಸ್ಟೀರಿಂಗ್ ಚಕ್ರವೇ ನಡುಗಿದರೆ ಮುಂದಿನ ಚಕ್ರಗಳ ಬ್ಯಾಲೆನ್ಸ್, ಸೀಟು ಮತ್ತು ನೆಲ ನಡುಗಿದರೆ ಹಿಂದಿನ ಚಕ್ರಗಳು ಅಥವಾ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ದಂಡ) ಎಂದು ಮೊದಲ ಅಂದಾಜು ಮಾಡಬಹುದು. ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗುವುದರಿಂದ ಅದರ ನಡುಕ ಸಣ್ಣದಾಗಿ, ಗುಂಯ್‌ಗುಡುವಂತೆ ಇರುತ್ತದೆ. ಭಾರ ಹೊತ್ತು ಎಳೆಯುವಾಗ ಹೆಚ್ಚಾದರೆ ಅದರ ಕ್ರಾಸ್ (ಶಾಫ್ಟಿನ ತುದಿಯ ಕೀಲು) ಅಥವಾ ಅದನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್ ಸವೆದಿರಬಹುದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಅಥವಾ ಡ್ರಮ್ ಸೊಟ್ಟಗಾಗಿದೆ, ಟೈರಿಗೆ ಹಣ ಹಾಕಬೇಡಿ. ಅದೇ ವೇಗದಲ್ಲಿ ಗೇರ್ ಬದಲಿಸಿದಾಗ ನಡುಕವೂ ಬದಲಾದರೆ ಎಂಜಿನ್ ಅಥವಾ ಅದರ ಮೌಂಟಿಂಗ್ ನೋಡಬೇಕು. ನಿಧಾನ ವೇಗದಲ್ಲೇ ಧಡ್ ಧಡ್ ಎಂದು ಎತ್ತಿ ಹಾಕಿದಂತೆ ಆದರೆ ಟೈರಿನ ಒಳಪದರ ಬಿಟ್ಟುಕೊಂಡಿರಬಹುದು. ಉಬ್ಬು ಕಂಡರೆ ಸ್ಟೆಪ್ನಿ ಹಾಕಿಕೊಂಡೇ ಮುಂದೆ ಹೋಗಬೇಕು.

ಬ್ಯಾಲೆನ್ಸಿಂಗ್‌ಗೆ ಕೊಡುವ ಮುನ್ನ ರಿಮ್ಮಿನ ಒಳಗೆ ಒಣಗಿ ಅಂಟಿದ ಮಣ್ಣನ್ನು ಕೆರೆದು ತೆಗೆಯಿರಿ. ಮಳೆಗಾಲದಲ್ಲಿ ಎಷ್ಟೋ ನಡುಕಗಳಿಗೆ ಅದೇ ಕಾರಣ. ಚಕ್ರವನ್ನು ಮರಳಿ ಹಾಕುವಾಗ ಹಬ್ಬಿನ ಮುಖದ ತುಕ್ಕನ್ನು ಒರೆಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಐವತ್ತರಿಂದ ನೂರು ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಇಷ್ಟೆಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಕೆಲಸಕ್ಕೆ ಮುಂಚಿನ ಮತ್ತು ನಂತರದ ಅಳತೆಗಳ ಮುದ್ರಿತ ಪ್ರತಿಯನ್ನು ಕೇಳಿ ಪಡೆಯಿರಿ ಮತ್ತು ಯಂತ್ರದಲ್ಲಿ ನಿಮ್ಮ ವಾಹನದ ಮಾದರಿಯನ್ನೇ ಆರಿಸಿದ್ದಾರೆಯೇ ಎಂದು ನೋಡಿ. ಮುಂಭಾಗದಲ್ಲೂ ಗಟ್ಟಿ ಆಕ್ಸಲ್ ಇರುವ ಪಿಕಪ್‌ಗಳಲ್ಲಿ ಟೋ ಒಂದನ್ನು ಮಾತ್ರ ಸುಲಭವಾಗಿ ಸರಿಪಡಿಸಬಹುದು. ಕ್ಯಾಂಬರ್ ತಪ್ಪಿದ್ದರೆ ಆಕ್ಸಲ್ ಬಾಗಿದೆ ಅಥವಾ ಕಿಂಗ್ ಪಿನ್ ಸವೆದಿದೆ ಎಂದರ್ಥ. ಸ್ವತಂತ್ರ ಸಸ್ಪೆನ್ಷನ್ ಇರುವವುಗಳಲ್ಲಿ ಮುಂಭಾಗದ ಎತ್ತರ ತಗ್ಗಿದ್ದರೆ ಕೋನಗಳೂ ತಪ್ಪುತ್ತವೆಯಾದ್ದರಿಂದ ಮೊದಲು ಎತ್ತರ, ಆಮೇಲೆ ಕೋನ. ವಾಹನ ಸ್ವಲ್ಪವೇ ಎಡಕ್ಕೆ ಎಳೆಯುವುದು ನೀರು ಹರಿಯಲೆಂದು ಎಡಕ್ಕೆ ಇಳಿಜಾರು ಮಾಡಿದ ರಸ್ತೆಯ ಗುಣವೂ ಆಗಿರಬಹುದು. ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿದಾಗ ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದೇ.

ಕೆಲಸವಾದ ದಿನವೇ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚುಗಳಲ್ಲಿ ತೋಡುಗಳ (ಟ್ರೆಡ್) ಆಳವನ್ನು ಅಳೆದು, ಓಡೋಮೀಟರಿನ ಅಂಕಿಯೊಂದಿಗೆ ಬರೆದಿಡಿ. ಎರಡು ಸಾವಿರ ಕಿ.ಮೀ. ನಂತರ ಮತ್ತೆ ಅಳೆದಾಗ ಮೂರೂ ಕಡೆ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ರಿಪೇರಿ ಫಲಿಸಿದೆ; ಒಂದು ಕಡೆ ಮಾತ್ರ ಇಳಿದಿದ್ದರೆ ಸಡಿಲ ಭಾಗಗಳ ಪರೀಕ್ಷೆಗೆ ಹಿಂತಿರುಗಬೇಕು. ಎಲ್ಲಿಯಾದರೂ ಆಳ 1.6 ಮಿ.ಮೀ. ಮುಟ್ಟಿದ್ದರೆ, ಉಳಿದ ಭಾಗ ಎಷ್ಟೇ ಚೆನ್ನಾಗಿದ್ದರೂ, ಆ ಟೈರನ್ನು ಬದಲಿಸಲೇಬೇಕು.