'ಎಕ್ಸೋಡಸ್' ಸಿನಿಮಾ ನೋಡೋಕೆ ಕೂರುವ ಮುಂಚೆ

ಯಹೂದಿ ನಿರಾಶ್ರಿತರು ಹಡಗು ಹತ್ತಿ ಪ್ಯಾಲೆಸ್ತೀನ್‌ಗೆ ಹೊರಡುವ ಕಥೆಯ 1960ರ 'ಎಕ್ಸೋಡಸ್' ಒಟ್ಟು 208 ನಿಮಿಷದ ಸಿನಿಮಾ. ಮೂರೂವರೆ ಗಂಟೆಗೆ ಎರಡೇ ನಿಮಿಷ ಕಮ್ಮಿ. ಊಟ ಮುಗಿಸಿ ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಅರ್ಧಕ್ಕೇ ನಿದ್ದೆ ಗ್ಯಾರಂಟಿ. ಅದಕ್ಕೇ ಎರಡು ದಿನಕ್ಕೆ ಹಂಚಿಕೊಳ್ಳಿ. ಹಡಗು ಸೈಪ್ರಸ್ ಬಿಟ್ಟು ಹೊರಟಿತಲ್ಲ, ಮೊದಲ ದಿನ ಅಲ್ಲಿಗೆ ನಿಲ್ಲಿಸಿ.

ದಯವಿಟ್ಟು ಮೊಬೈಲಲ್ಲಿ ನೋಡಬೇಡಿ. ಇದನ್ನು 70 ಎಂಎಂ ಪರದೆಗೆಂದೇ ಸೈಪ್ರಸ್ ಮತ್ತು ಇಸ್ರೇಲಿಗೇ ಹೋಗಿ ಚಿತ್ರಿಸಿದ್ದು. ಟಿವಿಯಲ್ಲಿ ಹಾಕಿದಾಗ ಮೇಲೆ ಕೆಳಗೆ ಕಪ್ಪು ಪಟ್ಟಿ ಕಾಣಬೇಕು. ಕಾಣದೆ ಚಿತ್ರ ಪೂರ್ತಿ ಟಿವಿ ತುಂಬಿಕೊಂಡಿದ್ದರೆ ಅಕ್ಕಪಕ್ಕ ಕತ್ತರಿಸಿದ್ದಾರೆ ಅಂತಲೇ ಅರ್ಥ, ಬೇರೆ ಪ್ರತಿ ಹುಡುಕಿ.

ಇನ್ನು ಹಿನ್ನೆಲೆ. ಇಷ್ಟು ಗೊತ್ತಿದ್ದರೆ ಸಾಕು. ಎರಡನೇ ಮಹಾಯುದ್ಧ ಮುಗಿದಿದೆ. ನಾಜಿಗಳ ಕ್ಯಾಂಪುಗಳಿಂದ ಬದುಕಿ ಬಂದ ಯಹೂದಿಗಳಲ್ಲಿ ಎಷ್ಟೋ ಜನಕ್ಕೆ ವಾಪಸ್ ಹೋಗೋಕೆ ಮನೆಯೂ ಇಲ್ಲ, ಊರೂ ಇಲ್ಲ. ಪ್ಯಾಲೆಸ್ತೀನ್ ಬ್ರಿಟಿಷರ ಕೈಯಲ್ಲಿದೆ. ಐದು ವರ್ಷಕ್ಕೆ 75,000 ಯಹೂದಿಗಳು ಮಾತ್ರ ಬರಬಹುದು, ಆಮೇಲೆ ಬರಬೇಕೆಂದರೆ ಅರಬ್ಬರ ಒಪ್ಪಿಗೆ ಬೇಕು ಅಂತ ಅವರು 1939ರಲ್ಲೇ ಕಟ್ಟುಪಾಡು ಹಾಕಿದ್ದರು. ಹಾಗಾಗಿ ಜನ ಹಳೇ ಹಡಗುಗಳಲ್ಲಿ ಕದ್ದು ಬರತೊಡಗಿದರು. ಸಿಕ್ಕಿಬಿದ್ದವರನ್ನು 1946ರಿಂದ ಸೈಪ್ರಸ್‌ಗೆ ಸಾಗಿಸಿ ಮುಳ್ಳುತಂತಿಯೊಳಗೆ ಇಟ್ಟರು. ಒಟ್ಟು 50,000ಕ್ಕೂ ಜಾಸ್ತಿ ಜನ ಆ ಕ್ಯಾಂಪುಗಳನ್ನು ಕಂಡರು. ಸಿನಿಮಾ ಶುರುವಾಗುವುದೇ ಅಲ್ಲಿಂದ.

ಒಂದು ವಿಷಯ ಮಾತ್ರ ನೆನಪಿಟ್ಟುಕೊಳ್ಳಿ: ತೆರೆ ಮೇಲಿನ ಹಡಗು ಬೇರೆ, ನಿಜವಾದ ಹಡಗು ಬೇರೆ. ಸಿನಿಮಾದಲ್ಲಿ 611 ಜನ ಸೈಪ್ರಸ್ ಬಂದರಿನಲ್ಲೇ ಉಪವಾಸ ಕೂತು, ಬ್ರಿಟಿಷರನ್ನು ಮಣಿಸಿ, ಪ್ಯಾಲೆಸ್ತೀನ್ ತಲುಪುತ್ತಾರೆ. ನಿಜವಾದ 'ಎಕ್ಸೋಡಸ್ 1947' ಹೊರಟಿದ್ದು ಫ್ರಾನ್ಸಿನ ಸೆಟ್ ಬಂದರಿನಿಂದ, ಸುಮಾರು 4,500 ಜನರನ್ನು ತುಂಬಿಕೊಂಡು. ಬ್ರಿಟಿಷ್ ನೌಕಾಪಡೆ ಸಮುದ್ರದಲ್ಲೇ ಹಡಗಿಗೆ ನುಗ್ಗಿತು, ಮೂವರು ಸತ್ತರು. ಹೈಫಾ ಬಂದರಿನಲ್ಲಿ ಎಲ್ಲರನ್ನೂ ಬೇರೆ ಮೂರು ಹಡಗುಗಳಿಗೆ ತುಂಬಿ ಫ್ರಾನ್ಸಿಗೆ ವಾಪಸ್ ಕಳಿಸಿದರು. ಅಲ್ಲಿ ಹೆಚ್ಚಿನವರು ಇಳಿಯೋಲ್ಲ ಅಂತ ಹಟ ಹಿಡಿದರು. ಕೊನೆಗೆ ಅವರನ್ನು ಎಲ್ಲಿಗೆ ಒಯ್ದರು ಅಂದುಕೊಂಡಿರಿ? ಜರ್ಮನಿಯ ಹ್ಯಾಂಬರ್ಗಿಗೆ! ನನ್ನ ಪ್ರಕಾರ ನಡೆದದ್ದೇ ಸಿನಿಮಾಗಿಂತ ದೊಡ್ಡ ಕಥೆ. ಆದರೆ ನಿರ್ದೇಶಕ ಆಟೋ ಪ್ರೆಮಿಂಜರ್‌ಗೆ ಗೆಲ್ಲುವ ಹಡಗು ಬೇಕಿತ್ತು.

ಮೊದಲ ಭಾಗದಲ್ಲಿ ಒಂದು ದೃಶ್ಯವನ್ನು ತಪ್ಪಿಸಿಕೊಳ್ಳಲೇಬೇಡಿ. ನಾಯಕ ಆರಿ (ಪಾಲ್ ನ್ಯೂಮನ್) ಬ್ರಿಟಿಷ್ ಅಧಿಕಾರಿಯ ವೇಷದಲ್ಲಿ ಒಬ್ಬ ಮೇಜರ್ ಮುಂದೆ ನಿಂತಿದ್ದಾನೆ. ಯಹೂದಿಗಳನ್ನು ದೂರದಿಂದಲೇ ಗುರುತು ಹಿಡಿಯುತ್ತೇನೆ ಅಂತ ಮೇಜರ್ ಜಂಬ ಕೊಚ್ಚುತ್ತಾನೆ. ಕಣ್ಣಲ್ಲಿ ಏನೋ ಕಸ ಬಿದ್ದಿದೆ, ಸ್ವಲ್ಪ ನೋಡಿ ಅಂತ ಆರಿ ಮುಖ ಒಡ್ಡುತ್ತಾನೆ. ಆ ಮನುಷ್ಯ ಹತ್ತಿರ ಬಂದು ಯಹೂದಿಯ ಕಣ್ಣೊಳಗೇ ಇಣುಕಿ ನೋಡುತ್ತಾನೆ, ಏನೂ ಗೊತ್ತಾಗಲ್ಲ. ಭಾಷಣವೇ ಇಲ್ಲದೆ ಕೆಲಸ ಮುಗಿಯಿತು ನೋಡಿ. ಬರೆದವರು ಡಾಲ್ಟನ್ ಟ್ರಂಬೊ. ಕಮ್ಯುನಿಸ್ಟ್ ಎಂಬ ಕಾರಣಕ್ಕೆ ಹಾಲಿವುಡ್ ವರ್ಷಗಟ್ಟಲೆ ಹೊರಗಿಟ್ಟಿದ್ದ ಈ ಲೇಖಕರ ಹೆಸರನ್ನು ಪ್ರೆಮಿಂಜರ್ ಧೈರ್ಯವಾಗಿ ತೆರೆ ಮೇಲೆ ಹಾಕಿದರು.

ಎರಡನೇ ದಿನ ಕೂರುವ ಮುಂಚೆ ಎರಡು ಹೆಸರು ತಿಳಿದಿರಲಿ. ಹಗಾನಾ ಅಂದರೆ ಯಹೂದಿ ಸಮುದಾಯದ ಮುಖ್ಯ ಪಡೆ, ಇರ್ಗುನ್ ಅಂದರೆ ಬಾಂಬಿನ ದಾರಿ ಹಿಡಿದ ಗುಂಪು. ಆರಿಯ ಅಪ್ಪ ಒಂದು ಕಡೆ, ಚಿಕ್ಕಪ್ಪ ಅಕಿವಾ ಇನ್ನೊಂದು ಕಡೆ, ಅಣ್ಣತಮ್ಮಂದಿರಿಗೆ ಮಾತೇ ಇಲ್ಲ. ಇಸವಿಗಳನ್ನು ಮಾತ್ರ ಸಿನಿಮಾದಿಂದ ಕಲಿಯಬೇಡಿ. ಜೆರುಸಲೇಮಿನ ಕಿಂಗ್ ಡೇವಿಡ್ ಹೋಟೆಲ್ ಸ್ಫೋಟ, 91 ಜನ ಸತ್ತದ್ದು, ನಿಜವಾದ ಹಡಗಿಗಿಂತ ಒಂದು ವರ್ಷ ಮುಂಚೆ, 1946ರ ಜುಲೈನಲ್ಲಿ. ಇಲ್ಲಿ ಅದು ಹಡಗು ಬಂದ ಮೇಲೆ ನಡೆಯುತ್ತದೆ.

ವಿಶ್ವಸಂಸ್ಥೆಯ ಮತದಾನ ಬಂದಾಗ ನಾವು ಕಿವಿ ನೆಟ್ಟಗೆ ಮಾಡಬೇಕು. 1947ರ ನವೆಂಬರ್ 29ರಂದು ಪ್ಯಾಲೆಸ್ತೀನ್ ವಿಭಜನೆಗೆ 33 ದೇಶ ಪರ, 13 ವಿರುದ್ಧ, 10 ತಟಸ್ಥ. ತಾನೇ ಆಗಷ್ಟೇ ಎರಡು ಹೋಳಾಗಿದ್ದ ಭಾರತ ವಿರುದ್ಧ ಮತ ಹಾಕಿತು. ಪಾಕಿಸ್ತಾನವೂ ಅಷ್ಟೇ.

ಸಿನಿಮಾ ಎಡವುವುದು ಅರಬ್ಬರ ವಿಷಯದಲ್ಲಿ. ಮಾತಾಡುವ ಒಳ್ಳೆಯ ಅರಬ್ಬ ಅಂದರೆ ತಾಹಾ ಒಬ್ಬನೇ, ವಿಲನ್‌ಗಳ ಜೊತೆಗೆ ಒಬ್ಬ ನಾಜಿಯನ್ನೂ ತಂದು ಕೂರಿಸಿದ್ದಾರೆ. 1948ರ ಯುದ್ಧದಲ್ಲಿ ಮನೆ ಕಳೆದುಕೊಂಡ ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರ ಕಥೆ ಇಲ್ಲಿ ಸಿಗಲ್ಲ, ಅದನ್ನು ಬೇರೆ ಕಡೆ ಓದಿಕೊಳ್ಳಿ.

ಮಕ್ಕಳ ಜೊತೆ ನೋಡುವುದಾದರೆ ಹುಡುಗ ಡೋವ್ (ಸಾಲ್ ಮಿನಿಯೊ) ಇರ್ಗುನ್ ಸೇರುವ ದೃಶ್ಯವನ್ನು ಮೊದಲು ನೀವೊಬ್ಬರೇ ನೋಡಿ. ಡೈನಮೈಟ್ ಬಳಸೋದು ಎಲ್ಲಿ ಕಲಿತೆ ಅಂತ ಅಕಿವಾ ಮೆಲ್ಲಗೆ ಕೇಳುತ್ತಾ ಹೋಗುತ್ತಾನೆ, ಹುಡುಗ ಸುಳ್ಳು ಹೇಳುತ್ತಾ ಹೇಳುತ್ತಾ ಕುಸಿದು ಆಶ್ವಿಟ್ಜ್ ಎಂಬ ನಾಜಿ ಕ್ಯಾಂಪಿನಲ್ಲಿ ತನಗಾದದ್ದನ್ನು ಬಾಯಿಬಿಡುತ್ತಾನೆ. ಒಂದು ಹನಿ ರಕ್ತವನ್ನೂ ತೋರಿಸಲ್ಲ. ಆದರೂ ಸಣ್ಣ ಮಕ್ಕಳಿಗೆ ಬೇಡ.