ಮಿಶಿಗನ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಫುಟ್‌ಬಾಲ್ ಕೋಚ್, ಊರಿನ ಸಭೆ ಮತ್ತು ಲೆಕ್ಕ ಕೇಳುವ ಹಕ್ಕು

ನಮ್ಮ ಕನ್ನಡ ಕೂಟದ ಮಾರ್ಗದರ್ಶಿಯ ಹಿಂದಿನ ಭಾಗಗಳಲ್ಲಿ ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಶಾಲೆ, ಚಳಿಗಾಲದ ಸಿದ್ಧತೆ ಮೊದಲಾದ ವಿಷಯಗಳು ಬಂದಿವೆ. ಈ ಭಾಗವು ಇಲ್ಲಿನ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಮತ್ತು ನೀವು ಮನೆ ಮಾಡಿರುವ ಊರಿನ ಆಡಳಿತ, ಈ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಇವಕ್ಕೆ ಪರಸ್ಪರ ಏನು ಸಂಬಂಧ ಎಂದು ಕೇಳಿದರೆ, ಎರಡು ಕಡೆಯೂ ಒಂದು ಸಾರ್ವಜನಿಕ ಸಂಸ್ಥೆ ಯಾರಿಗೋ ಸಂಬಳ ಕೊಟ್ಟು ಕೆಲಸ ಒಪ್ಪಿಸಿರುತ್ತದೆ. ಒಂದು ಕಡೆ ಊರಿಗೆ ಊರೇ ಲೆಕ್ಕ ಕೇಳುತ್ತದೆ, ಇನ್ನೊಂದು ಕಡೆ ಕೇಳುವವರು ಬೆರಳೆಣಿಕೆಯಷ್ಟು ಜನ. ಇಲ್ಲಿರುವ ಮಾಹಿತಿ ಕೂಟದ್ದು, ಅಭಿಪ್ರಾಯಗಳ ಹೊಣೆ ಮಾತ್ರ ಬರೆದವನದು.

ಶನಿವಾರಗಳ ವಿಚಾರ

ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಶನಿವಾರಗಳು ಇಲ್ಲಿ ಫುಟ್‌ಬಾಲಿಗೆ ಮೀಸಲು. ಆನ್ ಆರ್ಬರ್‌ನಲ್ಲಿರುವ ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ 1927ರಲ್ಲಿ ಆರಂಭವಾದದ್ದು. ಅದರ ಆಸನಗಳ ಸಂಖ್ಯೆ 1,07,601, ಆ ಊರಿನ ಜನಸಂಖ್ಯೆಯೇ ಸುಮಾರು 1.24 ಲಕ್ಷ. ಆದ್ದರಿಂದ ಪಂದ್ಯದ ದಿನ ಆನ್ ಆರ್ಬರ್‌ನಲ್ಲಿ ಮನೆ ಬದಲಿಸುವುದು, ವಿಮಾನ ನಿಲ್ದಾಣಕ್ಕೆ ಆ ದಾರಿಯಲ್ಲಿ ಹೊರಡುವುದು ಇತ್ಯಾದಿಗಳನ್ನು ಇಟ್ಟುಕೊಳ್ಳಬೇಡಿ. ಪಂದ್ಯ ನೋಡಲು ಹೋಗುವವರು ಕ್ರೀಡಾಂಗಣದೊಳಗೆ ಕೈಚೀಲ ಬಿಡುವುದಿಲ್ಲ ಎಂಬುದನ್ನು ತಿಳಿದಿರಬೇಕು. ಚಿತ್ರಾನ್ನದ ಡಬ್ಬಿ ಕಾರಿನಲ್ಲೇ ಉಳಿಯುತ್ತದೆ. ಈಸ್ಟ್ ಲ್ಯಾನ್ಸಿಂಗ್‌ನಲ್ಲಿರುವ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೂ ಅಷ್ಟೇ ಗಾಢವಾದ ಅಭಿಮಾನಿಗಳಿದ್ದಾರೆ, ಅವರ ಬಣ್ಣ ಹಸಿರು. ಸಹೋದ್ಯೋಗಿಗಳಲ್ಲಿ ಯಾರು ಯಾವ ಪಕ್ಷ ಎಂದು ತಿಳಿಯುವವರೆಗೆ ನೀಲಿ-ಹಳದಿ ಅಥವಾ ಹಸಿರು ಅಂಗಿ ಕೊಳ್ಳದಿರುವುದು ಕ್ಷೇಮ. ನವೆಂಬರ್ ಕೊನೆಯ ಶನಿವಾರ ಆನ್ ಆರ್ಬರ್ ತಂಡ ಓಹಾಯೋ ಸ್ಟೇಟ್ ತಂಡದೊಡನೆ ಆಡುವುದು ರೂಢಿ, ರಾಜ್ಯೋತ್ಸವದ ಕಾರ್ಯಕ್ರಮವನ್ನು ಆ ದಿನ ಇಡಬಾರದೆಂದು ಕೂಟದ ಪ್ರತಿ ಹೊಸ ಸಮಿತಿಗೂ ಹೇಳಬೇಕಾಗುತ್ತದೆ.

ಕೋಚ್ ಮತ್ತು ಅವನ ಕರಾರು

ತಂಡದ ಮುಖ್ಯ ಕೋಚ್ ಸಾರ್ವಜನಿಕ ವಿಶ್ವವಿದ್ಯಾಲಯದ ನೌಕರ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸಾರ್ವಜನಿಕ ನೌಕರ ರಾಜ್ಯಪಾಲನೂ ಅಲ್ಲ, ಶಸ್ತ್ರಚಿಕಿತ್ಸಕನೂ ಅಲ್ಲ, ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಈ ಹಣ ನಿಮ್ಮ ತೆರಿಗೆಯಿಂದ ನೇರವಾಗಿ ಹೋಗುತ್ತದೆ ಎಂದು ಕೋಪಿಸಿಕೊಳ್ಳುವವರಿದ್ದಾರೆ, ಅದು ಸರಿಯಲ್ಲ. ಆನ್ ಆರ್ಬರ್‌ನಂಥ ದೊಡ್ಡ ಕಡೆಗಳಲ್ಲಿ ಕ್ರೀಡಾ ವಿಭಾಗ ಬಹುಮಟ್ಟಿಗೆ ಟಿಕೆಟ್, ದೂರದರ್ಶನದ ಹಕ್ಕು ಮತ್ತು ದಾನಿಗಳ ಹಣದಿಂದ ನಡೆಯುತ್ತದೆ. ಸಣ್ಣ ವಿಶ್ವವಿದ್ಯಾಲಯಗಳಲ್ಲಿ ಹಾಗಲ್ಲ, ಅಲ್ಲಿ ವಿದ್ಯಾರ್ಥಿಗಳ ಶುಲ್ಕ ಮತ್ತು ಸಾಮಾನ್ಯ ನಿಧಿಯಿಂದ ದೊಡ್ಡ ಪಾಲು ಹೋಗುತ್ತದೆ; ಮಕ್ಕಳನ್ನು ಕಾಲೇಜಿಗೆ ಸೇರಿಸುವ ತಂದೆತಾಯಿಗಳು ಈ ಪ್ರಶ್ನೆಯನ್ನು ಕೇಳಿಯೇ ಕೇಳಬೇಕು.

ಕೋಚ್‌ನಿಂದ ಲೆಕ್ಕ ಕೇಳುವುದರಲ್ಲಿ ಈ ರಾಜ್ಯದ ಜನ ಕಡಿಮೆಯವರಲ್ಲ. ಆದರೆ ಅವರು ಕೇಳುವುದು ಅಂಕದ ಲೆಕ್ಕವನ್ನು, ಕರಾರಿನ ಲೆಕ್ಕವನ್ನಲ್ಲ. 2021ನೆಯ ಇಸವಿಯಲ್ಲಿ ಎರಡು ವಿಶ್ವವಿದ್ಯಾಲಯಗಳೂ ತಮ್ಮ ಕೋಚ್‌ಗಳ ಕರಾರನ್ನು ಹೊಸದಾಗಿ ಬರೆದವು, ಆ ಎರಡು ಕರಾರುಗಳು ಒಂದಕ್ಕೊಂದು ತದ್ವಿರುದ್ಧವಾಗಿದ್ದವು. ಆನ್ ಆರ್ಬರ್‌ನ ಜಿಮ್ ಹಾರ್ಬೊ ಅವರ ತಂಡ 2020ರಲ್ಲಿ ಆಡಿದ 6 ಪಂದ್ಯಗಳಲ್ಲಿ 4ನ್ನು ಸೋತಿತ್ತು. ಜನವರಿ 2021ರಲ್ಲಿ ಅವರ ಸಂಬಳವನ್ನು ಹೆಚ್ಚುಕಡಿಮೆ ಅರ್ಧಕ್ಕೆ, ಸುಮಾರು 40 ಲಕ್ಷ ಡಾಲರಿಗೆ ಇಳಿಸಿ, ಉಳಿದದ್ದನ್ನು ಗೆಲುವಿಗೆ ತಕ್ಕ ಬಹುಮಾನವೆಂದು ಬರೆಯಲಾಯಿತು. ಆ ವರ್ಷ ಅವರ ತಂಡ ಓಹಾಯೋ ಸ್ಟೇಟನ್ನು ಸೋಲಿಸಿತು, ಬಂದ ಬಹುಮಾನದ ಹಣವನ್ನು ಅವರು ಕೋವಿಡ್ ಕಾಲದಲ್ಲಿ ಸಂಬಳ ಕಳೆದುಕೊಂಡಿದ್ದ ಕ್ರೀಡಾ ವಿಭಾಗದ ನೌಕರರಿಗೆ ಕೊಡುವುದಾಗಿ ಹೇಳಿದರು. ಅದೇ ನವೆಂಬರಿನಲ್ಲಿ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಮೆಲ್ ಟಕ್ಕರ್ ಅವರಿಗೆ 10 ವರ್ಷಕ್ಕೆ 9.5 ಕೋಟಿ ಡಾಲರಿನ, ಪೂರ್ತಿ ಖಾತರಿಯ ಕರಾರು ದೊರೆಯಿತು. ಒಂದು ಒಳ್ಳೆಯ ಋತುವಿನ ಅಮಲಿನಲ್ಲಿ ಬರೆದ ಕರಾರು ಅದು; ಮದುವೆ ಮನೆಯ ಸಂಭ್ರಮದಲ್ಲಿ ಚಪ್ಪರದವನ ಬಿಲ್ಲನ್ನು ಯಾರೂ ಓದುವುದಿಲ್ಲ. ಮರುವರ್ಷ ತಂಡ 5 ಗೆದ್ದು 7 ಸೋತಿತು. ಸೆಪ್ಟೆಂಬರ್ 2023ರಲ್ಲಿ ಮೈದಾನದ ಹೊರಗಿನ ವರ್ತನೆಯ ಬಗ್ಗೆ ಬಂದ ದೂರಿನ ಮೇಲೆ ಅವರನ್ನು ತೆಗೆದುಹಾಕಲಾಯಿತು. ಕಾರಣಸಹಿತ ವಜಾ ಎಂಬ ಷರತ್ತಿದ್ದುದರಿಂದಲೇ ಉಳಿದ ಹಣ ಕೊಡುವುದಿಲ್ಲವೆಂದು ವಿಶ್ವವಿದ್ಯಾಲಯ ಹೇಳಲು ಸಾಧ್ಯವಾಯಿತು. ಬರೀ ಸೋಲಿಗಾಗಿ ತೆಗೆಯುವುದಾಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಟೆಕ್ಸಸ್ ಎ ಆ್ಯಂಡ್ ಎಂ ನೋಡಿ: ನವೆಂಬರ್ 2023ರಲ್ಲಿ ಜಿಂಬೋ ಫಿಶರ್ ಅವರನ್ನು ಕಳಿಸಲು ಆ ವಿಶ್ವವಿದ್ಯಾಲಯ ಒಪ್ಪಿದ ಮೊತ್ತ ಸುಮಾರು 7.6 ಕೋಟಿ ಡಾಲರ್.

ಹಾರ್ಬೊ ಅವರ ಕರಾರು ಒಳ್ಳೆಯದಿತ್ತು ಎಂದರೆ ಎಲ್ಲವೂ ಸರಿಯಿತ್ತು ಎಂದು ಅರ್ಥವಲ್ಲ. 2023ರಲ್ಲಿ ಅವರು ಎರಡು ಬೇರೆ ಕಾರಣಗಳಿಗಾಗಿ ಒಟ್ಟು 6 ಪಂದ್ಯಗಳ ಕಾಲ ಮೈದಾನದಿಂದ ಹೊರಗಿದ್ದರು, ಜನವರಿ 2024ರಲ್ಲಿ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು, ಅದೇ ತಿಂಗಳು ಅವರು ಲಾಸ್ ಏಂಜಲಿಸ್‌ನ ವೃತ್ತಿಪರ ತಂಡಕ್ಕೆ ಹೊರಟುಹೋದರು. ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಆಗಸ್ಟ್ 2024ರಲ್ಲಿ 4 ವರ್ಷ, ಮರುವರ್ಷ ಇನ್ನೂ 10 ವರ್ಷ ಅವರ ಮೇಲೆ ನಿರ್ಬಂಧ ಹಾಕಿತು. ವೃತ್ತಿಪರ ಲೀಗಿನಲ್ಲಿರುವವರಿಗೆ ಅದು ತಗಲುವುದೇ ಇಲ್ಲ. ದಂಡ ಕಟ್ಟಿ ಉಳಿದವರು ವಿಶ್ವವಿದ್ಯಾಲಯದವರು. ನನ್ನ ಅಭಿಪ್ರಾಯದಲ್ಲಿ ಕೋಚ್‌ನನ್ನು ಬೈಯುವುದಕ್ಕಿಂತ, ಅವನ ಕರಾರಿಗೆ ಸಹಿ ಹಾಕಿದವರು ಯಾರು, ಬಿಟ್ಟುಹೋದರೆ ಏನು, ತಪ್ಪು ಮಾಡಿದರೆ ಏನು ಎಂಬ ಷರತ್ತುಗಳನ್ನು ಅವರು ಓದಿದ್ದರೇ ಎಂದು ಕೇಳುವುದು ಹೆಚ್ಚು ಪ್ರಯೋಜನಕರ.

ಸಹಿ ಹಾಕುವವರ ಮೇಲೆ ಯಾರಿದ್ದಾರೆ

ಈ ವಿಷಯದಲ್ಲಿ ಮಿಶಿಗನ್ ಅಪರೂಪದ ರಾಜ್ಯ. 1963ರ ರಾಜ್ಯ ಸಂವಿಧಾನದ ಪ್ರಕಾರ ಮಿಶಿಗನ್ ವಿಶ್ವವಿದ್ಯಾಲಯ, ಮಿಶಿಗನ್ ಸ್ಟೇಟ್ ಮತ್ತು ವೇಯ್ನ್ ಸ್ಟೇಟ್, ಈ ಮೂರರ ಆಡಳಿತ ಮಂಡಳಿಗಳಿಗೆ ತಲಾ 8 ಸದಸ್ಯರನ್ನು ರಾಜ್ಯದ ಮತದಾರರೇ 8 ವರ್ಷದ ಅವಧಿಗೆ ಆರಿಸುತ್ತಾರೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ಅಭ್ಯರ್ಥಿಗಳನ್ನು ನಿಲ್ಲಿಸುವುದು ಪಕ್ಷಗಳ ಸಮಾವೇಶದಲ್ಲಿ, ಸಾಮಾನ್ಯ ಮತದಾರರೇ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಲ್ಲ. ಮತಪತ್ರದಲ್ಲಿ ಅವರ ಹೆಸರು ಕೆಳಗೆಲ್ಲೋ ಇರುತ್ತದೆ, ಅಲ್ಲಿಯವರೆಗೆ ಬರುವಷ್ಟರಲ್ಲಿ ಮತದಾರರು ದಣಿದು ಪಕ್ಷ ನೋಡಿ ಗುರುತು ಹಾಕಿ ಎದ್ದುಬಿಡುತ್ತಾರೆ. ಇನ್ನೂ ಒಂದು ಕೊರತೆಯಿದೆ. ಈ ಮಂಡಳಿಗಳ ವಿಧ್ಯುಕ್ತ ಅಧಿವೇಶನಗಳು ಮಾತ್ರ ಬಹಿರಂಗವಾಗಿರಬೇಕು ಎಂದು ಸಂವಿಧಾನ ಹೇಳುತ್ತದೆ, 1999ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅಧ್ಯಕ್ಷರ ಆಯ್ಕೆಯ ಪ್ರಕರಣವೊಂದರಲ್ಲಿ ಈ ಮಾತನ್ನು ವಿಶ್ವವಿದ್ಯಾಲಯದ ಪರವಾಗಿಯೇ ಅರ್ಥೈಸಿತು. ಹೀಗಾಗಿ ಶತಕೋಟಿ ಡಾಲರುಗಳ ವ್ಯವಹಾರ ನಡೆಸುವ ಮಂಡಳಿಗಿಂತ, ರಸ್ತೆ ಗುಂಡಿ ಮುಚ್ಚಿಸುವ ಟೌನ್‌ಶಿಪ್ (ಸಿಟಿಯಲ್ಲದ ಊರಿನ ಸ್ಥಳೀಯ ಆಡಳಿತ) ಮಂಡಳಿಯ ಮೇಲೆ ಕಾನೂನಿನ ಬಿಗಿ ಹೆಚ್ಚು. ಇದು ತಲೆಕೆಳಗಾದ ವ್ಯವಸ್ಥೆ ಎಂದು ನಾನು ಹಲವು ಬಾರಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ನಿಮ್ಮ ಊರಿನ ಸಭೆ

ನೋವೈ, ಟ್ರಾಯ್ ಮೊದಲಾದ ಸಿಟಿಗಳಲ್ಲಿ ನೀವು ಆರಿಸಿದ ಕೌನ್ಸಿಲ್ ಒಬ್ಬ ಮ್ಯಾನೇಜರನ್ನು ನೇಮಿಸುತ್ತದೆ, ದಿನನಿತ್ಯದ ಆಡಳಿತ ಅವರದು. ಕ್ಯಾಂಟನ್‌ನಂಥ ಟೌನ್‌ಶಿಪ್‌ಗಳಲ್ಲಿ ಸೂಪರ್‌ವೈಸರ್, ಕ್ಲರ್ಕ್, ಟ್ರೆಷರರ್ ಎಂಬ ಮೂವರೂ ಚುನಾಯಿತರು. ನಮ್ಮ ಕಚೇರಿ ಗುಮಾಸ್ತರ ನೆನಪಿನಿಂದ ಇಲ್ಲಿನ ಕ್ಲರ್ಕನ್ನು ಹಗುರವಾಗಿ ಕಾಣಬೇಡಿ, ಚುನಾವಣೆ ನಡೆಸುವವರೇ ಅವರು. ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡ್ ಇವೆರಡಕ್ಕೂ ಸೇರದ ಪ್ರತ್ಯೇಕ ಚುನಾಯಿತ ಮಂಡಳಿ, ಆದ್ದರಿಂದ ಶಾಲಾ ಬಸ್ಸಿನ ದೂರನ್ನು ಸಿಟಿ ಕೌನ್ಸಿಲಿಗೆ ಒಯ್ದರೆ ಉಪಯೋಗವಿಲ್ಲ.

ಈ ಎಲ್ಲ ಮಂಡಳಿಗಳಿಗೂ ಸಭೆಗಳು ಬಹಿರಂಗವಾಗಿರಬೇಕೆನ್ನುವ 1976ರ ಓಪನ್ ಮೀಟಿಂಗ್ಸ್ ಆ್ಯಕ್ಟ್ ಅನ್ವಯಿಸುತ್ತದೆ. ವಿಶೇಷ ಸಭೆಗೆ ಕನಿಷ್ಠ 18 ಗಂಟೆ ಮುಂಚೆ ಸೂಚನೆ ಹಾಕಬೇಕು, ಸಭೆಯಾದ 8 ಕೆಲಸದ ದಿನಗಳೊಳಗೆ ಕರಡು ನಡಾವಳಿ ಸಾರ್ವಜನಿಕರಿಗೆ ಸಿಗಬೇಕು. ಎಚ್-1ಬಿ ಅಥವಾ ಎಚ್-4 ವೀಸಾದಲ್ಲಿರುವ ನಮ್ಮವರು ಗಮನಿಸಬೇಕಾದ ಮಾತೆಂದರೆ, ಆ ಕಾನೂನು ಸಭೆಗೆ ಬರುವ ಮತ್ತು ಮಾತನಾಡುವ ಹಕ್ಕನ್ನು ನಾಗರಿಕರಿಗಷ್ಟೇ ಕೊಟ್ಟಿಲ್ಲ, ಯಾವುದೇ ವ್ಯಕ್ತಿಗೆ ಕೊಟ್ಟಿದೆ. ಒಳಗೆ ಬಂದು ಕೂರಲು ನಿಮ್ಮ ಹೆಸರನ್ನೂ ಕೇಳುವಂತಿಲ್ಲ. ಮಾತಿಗೆ ಸಾಮಾನ್ಯವಾಗಿ ಮೂರು ನಿಮಿಷ ಸಿಗುತ್ತದೆ. ನಮ್ಮವರು ಮೊದಲ ಎರಡು ನಿಮಿಷವನ್ನು ವಂದನಾರ್ಪಣೆಗೆ ಕಳೆಯದೆ ವಿಷಯದಿಂದಲೇ ಆರಂಭಿಸಬೇಕು.

ಅದೇ ವರ್ಷದ ಮಾಹಿತಿ ಕಾನೂನನ್ನು ಇಲ್ಲಿ ಫೋಯಾ ಎನ್ನುತ್ತಾರೆ. ಭಾರತದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅನುಭವವಿರುವವರಿಗೆ ಇದು ಹೊಸದೇನಲ್ಲ, ಆದರೆ ಎರಡು ವ್ಯತ್ಯಾಸಗಳಿವೆ: ಭಾರತದ 2005ರ ಕಾಯ್ದೆ ನಾಗರಿಕರಿಗೆ ಮಾತ್ರ, ಇಲ್ಲಿ ಪೌರತ್ವ ಕೇಳುವುದಿಲ್ಲ, ಅಲ್ಲಿ 30 ದಿನದ ಗಡುವು, ಇಲ್ಲಿ 5 ಕೆಲಸದ ದಿನ, ಬೇಕಾದರೆ ಇನ್ನೂ 10 ಕೆಲಸದ ದಿನ ವಿಸ್ತರಣೆ. ದಾಖಲೆ ಹುಡುಕಿದ ಸಿಬ್ಬಂದಿಯ ಶ್ರಮಕ್ಕೆ ಶುಲ್ಕ ಹಾಕುವ ಅವಕಾಶ ಇರುವುದರಿಂದ ಬೇಕಾದ ಕಾಗದವನ್ನು ಖಚಿತವಾಗಿ ಹೆಸರಿಸಿ ಕೇಳಿ. ಅಂದಾಜು 50 ಡಾಲರ್ ಮೀರಿದರೆ ಅರ್ಧ ಹಣವನ್ನು ಮುಂಗಡ ಕೇಳಬಹುದು. ಕೋಚ್‌ನ ಕರಾರಿನ ಪ್ರತಿಯನ್ನೂ ಸಿಟಿ ಮ್ಯಾನೇಜರ್ ಕರಾರಿನ ಪ್ರತಿಯನ್ನೂ ಇದೇ ಕಾನೂನಿನಲ್ಲಿ ಕೇಳಬಹುದು. ರಾಜ್ಯಪಾಲರ ಕಚೇರಿ ಮತ್ತು ಶಾಸನಸಭೆ ಮಾತ್ರ ಅದರಿಂದ ತಪ್ಪಿಸಿಕೊಂಡು ಕುಳಿತಿವೆ.

ಮಾಡಬಾರದ್ದನ್ನೂ ಹೇಳಬೇಕು. ಪೌರತ್ವ ಬರುವವರೆಗೆ, ಗ್ರೀನ್ ಕಾರ್ಡ್ ಇದ್ದರೂ, ಯಾವ ಚುನಾವಣೆಯಲ್ಲೂ ಮತ ಹಾಕುವಂತಿಲ್ಲ. ಲೈಸೆನ್ಸ್ ಮಾಡಿಸಲು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಹೋದಾಗ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ಓದದೆ ಸಹಿ ಮಾಡಬೇಡಿ. ನಾಗರಿಕನೆಂದು ತಪ್ಪಾಗಿ ಬರೆದುಕೊಟ್ಟದ್ದು ಮುಂದೆ ವೀಸಾ, ಪೌರತ್ವ ಎರಡಕ್ಕೂ ಮುಳುವಾಗುತ್ತದೆ. ವೀಸಾದಲ್ಲಿರುವವರು ಪರಿಚಿತ ಅಭ್ಯರ್ಥಿಯಾದರೂ, ಸ್ಕೂಲ್ ಬೋರ್ಡಿನ ಚುನಾವಣೆಯಾದರೂ, ದೇಣಿಗೆ ಕೊಡಬಾರದು. ಮನೆ ಬಾಗಿಲಿಗೆ ಬರುವ ಚುನಾವಣಾ ಅಹವಾಲುಗಳಿಗೆ ಸಹಿ ಹಾಕುವ ಹಕ್ಕು ನೋಂದಾಯಿತ ಮತದಾರರಿಗೆ ಮಾತ್ರ.

ಮನೆ ಕೊಂಡವರಿಗೆ

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಹಣ ಕಳೆದುಕೊಳ್ಳುವುದು ಆಸ್ತಿ ತೆರಿಗೆಯಲ್ಲಿ. 1994ರಲ್ಲಿ ಮತದಾರರು ಒಪ್ಪಿದ ಪ್ರೊಪೋಸಲ್ ಎ ಎಂಬ ತಿದ್ದುಪಡಿಯ ಪ್ರಕಾರ ತೆರಿಗೆ ಹಾಕುವ ಮೌಲ್ಯ ವರ್ಷಕ್ಕೆ ಹಣದುಬ್ಬರ ಅಥವಾ ಶೇ 5, ಯಾವುದು ಕಡಿಮೆಯೋ ಅಷ್ಟು ಮಾತ್ರ ಏರುತ್ತದೆ, ಆದರೆ ಮನೆ ಕೈಬದಲಾದ ಮರುವರ್ಷ ಆ ಮಿತಿ ಕಳಚಿಹೋಗುತ್ತದೆ. ಹಳೆಯ ಮಾಲೀಕರ ತೆರಿಗೆ ಚೀಟಿಯನ್ನು ನೋಡಿ ಲೆಕ್ಕ ಹಾಕಿದವರು ಮುಂದಿನ ಬೇಸಿಗೆಯಲ್ಲಿ ಬೆಚ್ಚುತ್ತಾರೆ. ಕೊಂಡ 45 ದಿನಗಳೊಳಗೆ ಪ್ರಾಪರ್ಟಿ ಟ್ರಾನ್ಸ್‌ಫರ್ ಅಫಿಡವಿಟ್ ಕೊಡಬೇಕು. ವಾಸದ ಮನೆಗೆ ಸಿಗುವ ವಿನಾಯಿತಿಯ ಅರ್ಜಿಯನ್ನು, ಅದರ ಸಂಖ್ಯೆ 2368, ಬೇಸಿಗೆಯ ತೆರಿಗೆಗೆ ಜೂನ್ 1ರೊಳಗೆ, ಚಳಿಗಾಲದ್ದಕ್ಕೆ ನವೆಂಬರ್ 1ರೊಳಗೆ ಆಸ್ತಿಯ ಮೌಲ್ಯ ಕಟ್ಟುವ ಅಸೆಸರ್ ಕಚೇರಿಗೆ ತಲುಪಿಸಬೇಕು. ಇದರಿಂದ ಶಾಲೆಗಳ ನಿರ್ವಹಣೆಗೆ ಹೋಗುವ 18 ಮಿಲ್‌ವರೆಗಿನ ತೆರಿಗೆ ತಪ್ಪುತ್ತದೆ. ಒಂದು ಮಿಲ್ ಎಂದರೆ ಸಾವಿರ ಡಾಲರಿಗೆ ಒಂದು ಡಾಲರ್. ಸರ್ಕಾರಿ ಮೌಲ್ಯ ಮಾರುಕಟ್ಟೆ ಬೆಲೆಯ ಅರ್ಧವಾದ್ದರಿಂದ, 4 ಲಕ್ಷ ಡಾಲರಿಗೆ ಕೊಂಡ ಮನೆಗೆ ಸುಮಾರು 2 ಲಕ್ಷದ ಮೇಲೆ 18 ಮಿಲ್, ಅಂದರೆ ವರ್ಷಕ್ಕೆ 3,600 ಡಾಲರ್.

ಮೌಲ್ಯ ಅತಿಯಾಯಿತು ಎನಿಸಿದರೆ, ವರ್ಷದ ಆರಂಭದಲ್ಲಿ ಅಂಚೆಯಲ್ಲಿ ಬರುವ ಅಸೆಸ್ಮೆಂಟ್ ಸೂಚನೆಯನ್ನು ಜಾಹೀರಾತೆಂದು ಎಸೆಯದೆ ಇಟ್ಟುಕೊಳ್ಳಿ, ಮಾರ್ಚ್‌ನಲ್ಲಿ ಕೂಡುವ ಬೋರ್ಡ್ ಆಫ್ ರಿವ್ಯೂ ಮುಂದೆ ಹೋಗಿ. ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ ನಿಮ್ಮ ಮನೆಯಂಥ ಮನೆಗಳ ಬೆಲೆಯನ್ನು ಕಾಗದದಲ್ಲಿ ತೋರಿಸಿದರೆ ಅವರು ಕೇಳುತ್ತಾರೆ, ಕಷ್ಟ ಹೇಳಿಕೊಂಡರೆ ಕೇಳುವುದಿಲ್ಲ. ಅಲ್ಲಿ ಆಗದಿದ್ದರೆ ಜುಲೈ 31ರೊಳಗೆ ಮಿಶಿಗನ್ ಟ್ಯಾಕ್ಸ್ ಟ್ರಿಬ್ಯುನಲ್‌ಗೆ ಮೇಲ್ಮನವಿ ಹಾಕಬಹುದು, ಆದರೆ ವಾಸದ ಮನೆಗಳ ಮೌಲ್ಯದ ವಿಷಯದಲ್ಲಿ ಮಾರ್ಚ್ ತಪ್ಪಿಸಿದವರಿಗೆ ಆ ಬಾಗಿಲು ಮುಚ್ಚಿರುತ್ತದೆ. ಸಭೆಯ ದಿನಾಂಕ ಆ ಸೂಚನೆಯಲ್ಲೇ ಅಚ್ಚಾಗಿರುತ್ತದೆ, ಕೆಲವು ಊರುಗಳಲ್ಲಿ ಮುಂಚೆಯೇ ಸಮಯ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.