ಒಡೆದ ಪರದೆಯ ಫೋನಿನಲ್ಲಿ ಎಸ್‌ಎಸ್‌ಎಚ್ ಸರ್ವರ್: ನನ್ನ ಅನುಭವ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಕಪಾಟಿನಲ್ಲಿ ಆಂಡ್ರಾಯ್ಡ್ 9ರ ಹಳೆಯ ಫೋನೊಂದು ಎರಡು ವರ್ಷಗಳಿಂದ ಧೂಳು ತಿನ್ನುತ್ತಿತ್ತು. ಪರದೆ ಜೇಡರ ಬಲೆಯಂತೆ ಬಿರುಕು ಬಿಟ್ಟು ಎಡಭಾಗ ಬೆರಳಿಗೆ ಸ್ಪಂದಿಸುತ್ತಿರಲಿಲ್ಲ. ಬ್ಯಾಟರಿ, ವೈ-ಫೈ ಮಾತ್ರ ಸುಸ್ಥಿತಿಯಲ್ಲಿದ್ದವು. ವಾರದಲ್ಲಿ ನಾಲ್ಕು ದಿನ ಕೆಲಸದ ಮೇಲೆ ಚಿತ್ರದುರ್ಗದಲ್ಲಿರುವ ನನಗೆ, ಅಲ್ಲಿಂದಲೇ ಕಡತಗಳನ್ನು ಇಟ್ಟು ತೆಗೆಯಲು ಮನೆಯಲ್ಲಿ ಸದಾ ಎಚ್ಚರವಾಗಿರುವ ಯಂತ್ರವೊಂದು ಬೇಕಿತ್ತು. ಎಸ್‌ಎಸ್‌ಎಚ್ ಮೂಲಕ ದೂರದಿಂದ ಆಜ್ಞೆ ಕೊಡುವವನಿಗೆ ಎದುರಿನ ಯಂತ್ರದ ಪರದೆಯ ಹಂಗೇ ಇಲ್ಲವಾದ್ದರಿಂದ ಈ ಫೋನನ್ನೇ ಕೆಳಗಿಳಿಸಿದೆ. "ಅಣ್ಣಾ, ಹೋಗಿರೋ ಫೋನಿಗೆ ಇಷ್ಟು ಉಪಚಾರ ಯಾಕೆ?" ಎಂದು ತಮ್ಮ ನಕ್ಕ.

ಆಂಡ್ರಾಯ್ಡ್‌ನಲ್ಲಿ ಲಿನಕ್ಸ್ ಆಜ್ಞೆಗಳನ್ನು ಓಡಿಸುವ ಟರ್ಮಕ್ಸ್ ಆ್ಯಪನ್ನು ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಭಂಡಾರದಿಂದ ಹಾಕಿಕೊಂಡೆ. ಫೋನ್ ಆನ್ ಆದೊಡನೆ ಆಜ್ಞೆಗಳನ್ನು ತಾನಾಗಿ ಓಡಿಸಲು ಅದರ ಜೊತೆಗೆ ಬೇಕಾಗುವ ಟರ್ಮಕ್ಸ್ ಬೂಟ್ ಆ್ಯಪನ್ನೂ ಅಲ್ಲಿಂದಲೇ ತರಬೇಕು. ಬೇರೆ ಬೇರೆ ಮೂಲಗಳ ಆ್ಯಪುಗಳ ಡಿಜಿಟಲ್ ಸಹಿ ಒಂದಕ್ಕೊಂದು ಹೊಂದದೆ ಎರಡನೆಯದು ಕೂರುವುದೇ ಇಲ್ಲ. ಟೈಪ್ ಮಾಡುವುದೇ ನಿಜವಾದ ಪಡಿಪಾಟಲಾಯಿತು. ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಒಟಿಜಿ ಕೇಬಲ್‌ಗೆ ಮೌಸ್ ಸಿಕ್ಕಿಸಿದಾಗ ಪರದೆಯ ಮೇಲೆ ಬಾಣದ ಗುರುತು ಮೂಡಿತು, ಆದರೆ ಒಂದೊಂದು ಅಕ್ಷರವನ್ನೂ ಆ ಬಾಣದಿಂದಲೇ ಒತ್ತಬೇಕಿತ್ತು. ಇರುವ ಒಂದೇ ಕಿಂಡಿಯಲ್ಲಿ ಕೇಬಲ್ ಇದ್ದುದರಿಂದ ಚಾರ್ಜ್ ಮಾಡುವಂತೆಯೂ ಇರಲಿಲ್ಲ. ಹಾಗಾಗಿ ಓಪನ್‌ಎಸ್‌ಎಸ್‌ಎಚ್ ಪ್ಯಾಕೇಜ್ ಸ್ಥಾಪಿಸಿ, 'passwd' ಆಜ್ಞೆಯಿಂದ ಗುಪ್ತಪದ ಇಟ್ಟು, 'ಎಸ್‌ಎಸ್‌ಎಚ್‌ಡಿ' ಎಂದು ಹೊಡೆದು ಸರ್ವರ್ ಚಾಲೂ ಮಾಡುವಷ್ಟನ್ನೇ ಫೋನಿನಲ್ಲಿ ಮುಗಿಸಿ, ಉಳಿದದ್ದನ್ನು ಲ್ಯಾಪ್‌ಟಾಪಿನಿಂದ ಮಾಡಿದೆ.

ಮೊದಲ ಪ್ರಯತ್ನದಲ್ಲಿ ಲ್ಯಾಪ್‌ಟಾಪಿಗೆ ಸಂಪರ್ಕ ಸಿಗಲಿಲ್ಲ. ಎಸ್‌ಎಸ್‌ಎಚ್‌ನ ರೂಢಿಯ ಪೋರ್ಟ್ (ಸಂಪರ್ಕ ಬಂದು ಸೇರುವ ಬಾಗಿಲಿನ ಸಂಖ್ಯೆ) 22. ಆದರೆ ರೂಟ್ ಅಧಿಕಾರ, ಅಂದರೆ ಫೋನಿನ ಮೇಲಿನ ಪೂರ್ಣ ಹಿಡಿತ, ಇಲ್ಲದ ಆ್ಯಪಿಗೆ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ಆಂಡ್ರಾಯ್ಡ್ ಬಿಟ್ಟುಕೊಡುವುದಿಲ್ಲವಾದ್ದರಿಂದ ಟರ್ಮಕ್ಸ್ 8022ರಲ್ಲಿ ಕಾದಿರುತ್ತದೆ. ಆ ಸಂಖ್ಯೆಯನ್ನು ಕೊಟ್ಟೊಡನೆ ಬಾಗಿಲು ತೆರೆಯಿತು. ನಂತರ ಗುಪ್ತಪದದ ಬದಲು ಬಳಸುವ ಇಡಿ25519 ಮಾದರಿಯ ಕೀಲಿಜೋಡಿ ತಯಾರಿಸಿ, ಸಾರ್ವಜನಿಕ ಕೀಲಿಯನ್ನು ಫೋನಿಗೆ ನಕಲಿಸಿ, ಗುಪ್ತಪದದ ಪ್ರವೇಶವನ್ನು ಸಂರಚನಾ ಕಡತದಲ್ಲಿ ಮುಚ್ಚಿದೆ. ಇಲ್ಲಿ ನನ್ನಿಂದ ತಪ್ಪಾಯಿತು: ಹೊಸ ಕಿಟಕಿಯಲ್ಲಿ ಕೀಲಿಯನ್ನು ಪರೀಕ್ಷಿಸದೆಯೇ ಇದ್ದ ಸಂಪರ್ಕವನ್ನು ಕಡಿದುಕೊಂಡೆ. ಕೀಲಿ ನಕಲಾಗುವಾಗ ಸಾಲೊಂದು ಎರಡಾಗಿ ಮುರಿದಿತ್ತು. ಮತ್ತೆ ಮೌಸ್ ಹುಡುಕಬೇಕಾಯಿತು.

ಸ್ಥಾಪಿಸುವುದಕ್ಕಿಂತ ಅದನ್ನು ಬದುಕಿಸಿಟ್ಟುಕೊಳ್ಳುವುದೇ ಕಷ್ಟವೆಂಬುದು ಮರುದಿನ ಗೊತ್ತಾಯಿತು. ಪರದೆ ಆರಿದ ಕೆಲ ಹೊತ್ತಿಗೆ ಫೋನ್ ನಿದ್ದೆಗೆ ಜಾರಿ, ಟೈಪ್ ಮಾಡಿದ ಅಕ್ಷರ ಅರ್ಧ ನಿಮಿಷದ ಮೇಲೆ ಮೂಡುತ್ತಿತ್ತು. ಫೋನ್ ನಿದ್ದೆಗೆ ಜಾರದಂತೆ ತಡೆಯುವ ಟರ್ಮಕ್ಸ್‌ನ ವೇಕ್-ಲಾಕ್ ಆಜ್ಞೆ ಕೊಟ್ಟು, ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಉಳಿತಾಯವನ್ನು ತೆಗೆದ ಮೇಲೆ ಅದು ಸರಿಹೋಯಿತು. ಫೋನ್ ಮತ್ತೆ ಆನ್ ಆದಾಗ ವೇಕ್-ಲಾಕ್, ಎಸ್‌ಎಸ್‌ಎಚ್‌ಡಿ ಎರಡೂ ತಾವಾಗಿ ಆರಂಭವಾಗುವಂತೆ ಬೂಟ್ ಫೋಲ್ಡರಿನಲ್ಲಿ ಸಣ್ಣದೊಂದು ಸ್ಕ್ರಿಪ್ಟ್ ಬರೆದಿಟ್ಟೆ. ಬೂಟ್ ಆ್ಯಪನ್ನು ಒಮ್ಮೆಯಾದರೂ ತೆರೆದಿರದಿದ್ದರೆ ಆ ಸ್ಕ್ರಿಪ್ಟ್ ಓಡುವುದಿಲ್ಲ. ಆಂಡ್ರಾಯ್ಡ್ 12 ಹಾಗೂ ಅದರ ನಂತರದ ಫೋನುಗಳಲ್ಲಿ ಎಲ್ಲ ಆ್ಯಪುಗಳ ಉಪಪ್ರಕ್ರಿಯೆಗಳು ಒಟ್ಟು 32ನ್ನು ಮೀರಿದರೆ ವ್ಯವಸ್ಥೆಯೇ ಕೆಲವನ್ನು ಕೊಲ್ಲುತ್ತದೆ, ಟರ್ಮಕ್ಸ್‌ನಲ್ಲಿ 'ಸಿಗ್ನಲ್ 9' ಎಂಬ ಸೂಚನೆ ಕಾಣುತ್ತದೆ. ಹಳೆಯ ಫೋನಾದದ್ದು ಇಲ್ಲಿ ನನಗೆ ಅನುಕೂಲವೇ ಆಯಿತು.

ಚಿತ್ರದುರ್ಗದಿಂದ ತಲುಪುವುದು ಬೇರೆಯದೇ ಪ್ರಶ್ನೆಯಾಗಿತ್ತು. ಹೊರಗಿನಿಂದ ಬಂದ ಸಂಪರ್ಕವನ್ನು ಫೋನಿಗೆ ದಾಟಿಸುವಂತೆ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ ಸಂಪರ್ಕ ಬರಲಿಲ್ಲ. ರೂಟರಿಗೆ ಹೊರಗಿನಿಂದ ಸಿಕ್ಕ ವಿಳಾಸ 100.64ರಿಂದ 100.127ರವರೆಗಿನ ವ್ಯಾಪ್ತಿಯಲ್ಲಿತ್ತು, ಎಂದರೆ ಸೇವಾದಾರರು ಹಲವು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿದ್ದರು, ಹಾಗಾಗಿ ಹೊರಗಿನ ಸಂಪರ್ಕ ನನ್ನ ರೂಟರಿನವರೆಗೆ ಬರುತ್ತಲೇ ಇರಲಿಲ್ಲ. ಕೊನೆಗೆ ಫೋನ್, ಲ್ಯಾಪ್‌ಟಾಪ್ ಎರಡಕ್ಕೂ, ದೂರದ ಯಂತ್ರಗಳನ್ನು ಒಂದು ಖಾಸಗಿ ಜಾಲದಲ್ಲಿ ಬೆಸೆಯುವ ಟೇಲ್‌ಸ್ಕೇಲ್ ಹಾಕಿದೆ. ಅದು ಕೊಟ್ಟ ವಿಳಾಸವೂ 100ರಿಂದಲೇ ಶುರುವಾದದ್ದನ್ನು ಕಂಡು ಕ್ಷಣಕಾಲ ಗಾಬರಿಯಾದೆ. ಅದೇ ಮೀಸಲು ವ್ಯಾಪ್ತಿಯನ್ನು ಅದೂ ಬಳಸುತ್ತದೆ, ಅಷ್ಟೆ.

ಇಡೀ ದಿನ ಚಾರ್ಜಿನಲ್ಲಿಟ್ಟರೆ ಬ್ಯಾಟರಿ ಉಬ್ಬುವ ಭಯವಿದ್ದುದರಿಂದ ಟೈಮರ್ ಸಾಕೆಟ್ ಹಾಕಿ ದಿನಕ್ಕೆ ಮೂರು ಗಂಟೆ ಮಾತ್ರ ಚಾರ್ಜ್ ಆಗುವಂತೆ ಮಾಡಿದ್ದೇನೆ. ಕರೆಂಟ್ ಹೋದಾಗ ಫೋನ್ ತನ್ನ ಬ್ಯಾಟರಿಯಲ್ಲೇ ಎಚ್ಚರವಾಗಿರುತ್ತದೆ, ಆದರೆ ರೂಟರ್ ಆರಿಹೋಗುತ್ತದೆ. ಅದಕ್ಕೊಂದು ಪುಟ್ಟ ಯುಪಿಎಸ್ ತರುವುದು ಇನ್ನೂ ಬಾಕಿಯಿದೆ.